ರಾಡ್ ಬ್ರೇಕಿನ ಸೈಕಲ್ಲೂ ಟಾರು ರಸ್ತೆಯ ಇಳುಕಲೂ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಅದರಲ್ಲಿ ಬರುವ 'ಬೀಸೆಕಲ್ಲು' ಮರೆತಿರಲಾರದು. ಪಾದ್ರಿಯ ಬೈಸಿಕಲ್ಲು ತೀರ್ಥಹಳ್ಳಿ ಸೀಮೆಯ ಜನರ ಬಾಯಿಗೆ ಸಿಕ್ಕಿ ಬೀಸೆಕಲ್ಲಾಗಿಬಿಟ್ಟಿತ್ತು. ಕಾದಂಬರಿ ಪ್ರಕಟವಾಗಿದ್ದು 1967ರಲ್ಲಿ, ಕಥೆ ನಡೆಯೋದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಆ ಭಾಗ ಓದುವಾಗಲೆಲ್ಲ ನನ್ನದು ಒಂದೇ ತರಲೆ ಪ್ರಶ್ನೆ. ಸರಿ, ಹತ್ತಿದ್ದಾಯ್ತು, ತುಳಿದಿದ್ದಾಯ್ತು.. ಆ ಗುಡ್ಡಗಾಡಿನಲ್ಲಿ ಅದನ್ನ ನಿಲ್ಲಿಸ್ತಾ ಇದ್ದಿದ್ದು ಹೇಗೆ?

ಸೈಕಲ್ ಬಗ್ಗೆ ಕನ್ನಡದಲ್ಲಿ ಬರೆದವರೆಲ್ಲ ಹೆಚ್ಚಾಗಿ ಬರೆದಿದ್ದು ಕಲಿತ ಕತೆ, ಬಿದ್ದ ಕತೆ. ಒಳಪೆಡ್ಲು ತುಳಿದಿದ್ದು, ಗಂಟೆ ಬಾಡಿಗೆಗೆ ತಂದಿದ್ದು, ಮೊಣಕಾಲು ಒಡೆದುಕೊಂಡಿದ್ದು. ನಿಲ್ಲಿಸುವುದರ ಕತೆ ಯಾರಿಗೂ ಬೇಡ. ಆದರೆ ಗುಡವಿ, ಸೊರಬ, ಶಿಕಾರಿಪುರದ ಕಡೆ ಹಳೇ ಸೈಕಲ್ಲು ಇನ್ನೂ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಇರುವ ಮನೆಗಳಲ್ಲಿ ಇವತ್ತು ಕೇಳಬೇಕಾದ ಪ್ರಶ್ನೆ ಅದೇ. ಅಜ್ಜನ ಸೈಕಲ್ಲನ್ನು ಕೆಳಗಿಳಿಸಿ, ಎಣ್ಣೆ ಬಿಟ್ಟು, ಟೈರು ಹಾಕಿಸಿ ಮೊಮ್ಮಗನಿಗೆ ಕೊಡುವುದು ಚಂದ. ಆ ಮೊಮ್ಮಗ ಜುಲೈ ತಿಂಗಳಲ್ಲಿ ಅದನ್ನು ಇಳುಕಲಿನಲ್ಲಿ ಬಿಟ್ಟುಕೊಂಡು ಹೋಗುತ್ತಾನಲ್ಲ, ಆಗ?

ಹಾಗಾಗಿ ಈ ಸಲ ಬ್ರೇಕಿನ ಚರಿತ್ರೆ. ಬೋರಾದರೆ ನಡುವೆ ಇಳಿದುಬಿಡಿ, ನಿಧಾನಕ್ಕೇ ಹೋಗ್ತಾ ಇದ್ದೀನಿ :-)

ಇವತ್ತಿನ ಆಕಾರದ ಸೈಕಲ್ಲು, ಅಂದರೆ ಎರಡೂ ಚಕ್ರ ಹೆಚ್ಚು ಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು, ಹುಟ್ಟಿದ್ದು 1885ರಲ್ಲಿ, ಇಂಗ್ಲೆಂಡಿನಲ್ಲಿ ಸ್ಟಾರ್ಲಿ ಮಾಡಿದ ರೋವರ್. ಗಾಳಿ ತುಂಬಿದ ಟೈರು 1888ರಲ್ಲಿ ಡನ್ಲಪ್‌ನದು. ಆ ಕಾಲದ ಸೈಕಲ್ಲುಗಳಿಗೆ ಫ್ರೀವೀಲ್ ಇರಲಿಲ್ಲ. ಚಕ್ರ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗುತ್ತಿತ್ತು, ಕಾಲಿನಿಂದ ಹಿಂದಕ್ಕೆ ಒತ್ತಿ ತಡೆಯಬೇಕು. ಜೊತೆಗೆ ಒಂದು ಚಮಚದ ಆಕಾರದ ಲೋಹದ ತುಂಡು ಮುಂದಿನ ಟೈರಿನ ಮೇಲೇ ಬಂದು ಒತ್ತುತ್ತಿತ್ತು. ನನ್ನ ತರಲೆ ಪ್ರಶ್ನೆಗೆ ಉತ್ತರ ಅಷ್ಟೇ. ಬೀಸೆಕಲ್ಲನ್ನು ನಿಲ್ಲಿಸುತ್ತಿದ್ದುದು ಮುಕ್ಕಾಲು ಪಾಲು ಸವಾರನ ಕಾಲು.

ಫ್ರೀವೀಲ್ 1900ರ ಆಸುಪಾಸಿನಲ್ಲಿ ಬಳಕೆಗೆ ಬಂತು. ಕಾಲು ಸುಮ್ಮನಿಟ್ಟರೂ ಚಕ್ರ ಓಡತೊಡಗಿದ ಮೇಲೆ ಸರಿಯಾದ ಬ್ರೇಕು ಬೇಕೇ ಬೇಕಾಯಿತು. ಆಗ ಬಂದ ಉಪಾಯಗಳು ಮೂರು. ಅಮೆರಿಕದಲ್ಲಿ 1898ರ ಹೊತ್ತಿಗೆ ಹಬ್ಬಿನೊಳಗೇ ಬ್ರೇಕು ಇಟ್ಟರು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಕೊಳವೆಯೊಳಗೆ ಜಾರುವ ತಂತಿಗೆ ಪೇಟೆಂಟ್ ತೆಗೆದುಕೊಂಡ. ಇವತ್ತಿಗೂ ಬ್ರೇಕಿನಲ್ಲಿ, ಗೇರಿನಲ್ಲಿ ಇರುವುದು ಆ ಬೌಡನ್ ಕೇಬಲ್ಲೇ. (ರ‍್ಯಾಲಿ ಕಂಪನಿ ಕಟ್ಟಿದ ಫ್ರ್ಯಾಂಕ್ ಬೌಡನ್ ಬೇರೆ, ಇಬ್ಬರಿಗೂ ಸಂಬಂಧ ಇಲ್ಲ. ಸುಮಾರು ಜನ ಇಬ್ಬರನ್ನೂ ಒಬ್ಬನೇ ಮಾಡಿಬಿಡುತ್ತಾರೆ.) ಮೂರನೆಯದು ನಮ್ಮ ರಾಡ್ ಬ್ರೇಕು.

ಇಲ್ಲೊಂದು ಮಜಾ ಗಮನಿಸಿ. ನಾವು ರಾಡ್ ಬ್ರೇಕು ಅಂದರೆ ಅಜ್ಜನ ಕಾಲದ್ದು, ಕೇಬಲ್ ಬ್ರೇಕು ಅಂದರೆ ಮೊನ್ನೆ ಮೊನ್ನೆ ಬಂದಿದ್ದು ಅಂದುಕೊಂಡಿದ್ದೇವೆ. ಎರಡೂ ಹೆಚ್ಚು ಕಮ್ಮಿ ಒಂದೇ ವಾರಿಗೆಯವು! ನಮ್ಮಲ್ಲಿಗೆ ಒಂದು ಮೊದಲು ಬಂತು, ಇನ್ನೊಂದು ತಡವಾಗಿ ಬಂತು, ಅಷ್ಟೇ.

ಹಾಗಾದರೆ ನಮ್ಮಲ್ಲಿ ರಾಡೇ ಯಾಕೆ ನಿಂತಿತು? ಅದರ ಕೆಲಸ ನೋಡಿದರೆ ಗೊತ್ತಾಗುತ್ತೆ. ಹ್ಯಾಂಡಲ್ಲಿನ ಕೆಳಗೆ ಲಿವರು. ಅದನ್ನು ಎತ್ತಿದರೆ ಮುಂದಿನ ರಾಡು ನೇರ ಮೇಲಕ್ಕೆ ಎಳೆಯುತ್ತದೆ. ಹಿಂದಿನದಕ್ಕೆ ಹ್ಯಾಂಡಲ್ಲಿನಿಂದ ಒಂದು ರಾಡು, ಮೂಲೆಯಲ್ಲೊಂದು ತಿರುಗಣಿ, ಫ್ರೇಮಿನ ಓರೆ ಪೈಪಿನ ಗುಂಟ ಪೆಡಲಿನ ತನಕ ಉದ್ದದ ರಾಡು, ಮತ್ತೊಂದು ತಿರುಗಣಿ, ಕೊನೆಗೆ ಕುದುರೆ ಸವಾರನ ರಿಕಾಪಿನ ಹಾಗಿರುವ ಕಬ್ಬಿಣದ ಬಳೆ. ಆ ಬಳೆಯ ಎರಡು ತುದಿಗೆ ಎರಡು ರಬ್ಬರು. ಇವು ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ. ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳ ಕಡೆಯ ಮೈಗೆ, ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಅದಕ್ಕೇ ಅಂತಲೇ ಆ ರಿಮ್ಮಿನ ಆಕಾರ ಬೇರೆ: ನಡುವೆ ಗಾಳದ ಹಾಗೆ ತಗ್ಗು, ಎರಡು ಅಂಚಿನಲ್ಲಿ ಗುಂಡಗೆ ಮಡಚಿದ ಏಣು. ವೆಸ್ಟ್‌ವುಡ್ ರಿಮ್ಮು ಅಂತ ಅದರ ಹೆಸರು.

ಈ ಏರ್ಪಾಡಿನಲ್ಲಿ ದೊಡ್ಡ ಗುಣ ಒಂದಿದೆ. ಚಕ್ರ ಪಕ್ಕಕ್ಕೆ ಬೆಂಡಾದರೂ ಬ್ರೇಕಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ನಮ್ಮ ಗಾಡಿಚಕ್ರದ ಕೊರಕಲು ರಸ್ತೆಗಳಲ್ಲಿ, ಹಿಂದೆ ಒಂದು ಮೂಟೆ ಭತ್ತ ಹೇರಿದ ಸೈಕಲ್ಲಿನ ಚಕ್ರ ನೆಟ್ಟಗೆ ಇದ್ದಿದ್ದೆಲ್ಲಿ? ಅದೇ ಪಕ್ಕದಿಂದ ಹಿಡಿಯುವ ಕ್ಯಾಲಿಪರ್ ಆಗಿದ್ದಿದ್ದರೆ ಪ್ರತಿ ಸುತ್ತಿಗೂ ಟಿಕ್ ಟಿಕ್ ಅಂತ ಉಜ್ಜುತ್ತಿತ್ತು. ಇನ್ನೊಂದು, ಕೇಬಲ್ಲಿನ ಕೊಳವೆಯೊಳಗೆ ಕೆಂಪು ಧೂಳು, ಮಳೆ ನೀರು ಹೊಕ್ಕರೆ ಎರಡೇ ವರ್ಷಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ರಾಡಿಗೆ ಅದೇನೂ ಇಲ್ಲ. ಸೊಟ್ಟ ಆದರೆ ಕಲ್ಲಿನ ಮೇಲಿಟ್ಟು ಬಡಿದರಾಯ್ತು. ತುಂಡಾದರೆ ಊರ ಕಮ್ಮಾರನೇ ಸಾಕು.

ತೊಂದರೆಯೂ ಇತ್ತು. ಬಳೆಯ ರಬ್ಬರು ರಿಮ್ಮಿನ ಒಳಗಡೆ ಕೂತಿರುವುದರಿಂದ ಚಕ್ರ ಬಿಚ್ಚಬೇಕೆಂದರೆ ಮೊದಲು ಬ್ರೇಕು ಬಿಚ್ಚಬೇಕು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಚಕ್ರ ಬಿಚ್ಚದೇ, ಸೈಕಲ್ ಮಲಗಿಸಿ, ಟೈರಿನ ಒಂದು ಪಕ್ಕ ಮಾತ್ರ ಎಬ್ಬಿಸಿ ಟ್ಯೂಬು ಹೊರಗೆಳೆದು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರಲ್ಲ.. ಆ ಜಾಣತನಕ್ಕೆ ಅರ್ಧ ಕಾರಣ ಚೈನ್ ಕವರು, ಇನ್ನರ್ಧ ಈ ಬ್ರೇಕು.

ಇನ್ನು ನಮ್ಮ ದೇಶದ್ದೇ ಕತೆ. ಸ್ವಾತಂತ್ರ್ಯಕ್ಕೆ ಮುಂಚೆ ಸೈಕಲ್ಲು ಅಂದರೆ ಬಹುಪಾಲು ಇಂಗ್ಲೆಂಡಿನದ್ದು. ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್, ಹಂಬರ್. ಆಮೇಲೆ ಸಾಲಾಗಿ ಕಾರ್ಖಾನೆಗಳು ಬಂದವು: 1949ರಲ್ಲಿ ಮದರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನೀಪತ್‌ನ ಅಟ್ಲಾಸ್, 1952ರಲ್ಲಿ ಅಸನ್ಸೋಲ್‌ನ ಸೆನ್-ರ‍್ಯಾಲಿ, 1956ರಲ್ಲಿ ಲೂಧಿಯಾನದ ಹೀರೋ. ಹೀರೋ 1986ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಕಂಪನಿ ಅಂತ ಗಿನ್ನೆಸ್ ಪುಸ್ತಕ ಸೇರಿತು. ಕಂಪನಿ ಬೇರೆ ಬೇರೆ, ಸೈಕಲ್ಲಿನ ಜಾತಿ ಮಾತ್ರ ಒಂದೇ. 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟೈರು, ವೆಸ್ಟ್‌ವುಡ್ ರಿಮ್ಮು, ರಾಡ್ ಬ್ರೇಕು, ಕಪ್ಪು ಬಣ್ಣ, ಇಪ್ಪತ್ತು ಕಿಲೋ ಮೇಲೆ ತೂಕ. ಚೀನಾದಲ್ಲಿ 1950ರಿಂದ ತಯಾರಾದ ಫ್ಲೈಯಿಂಗ್ ಪಿಜನ್ ಕೂಡ ಇದೇ ಅಚ್ಚಿನದ್ದು. ಲೂಧಿಯಾನದ ಬ್ರೇಕು ರಬ್ಬರು ಸೊರಬದ ಯಾವ ಸೈಕಲ್ಲಿಗೂ ಕೂರುತ್ತಿತ್ತು. ಇದು ಸಣ್ಣ ಮಾತಲ್ಲ. ಇವತ್ತು ನಿಮ್ಮ ಮೊಬೈಲಿನ ಚಾರ್ಜರ್ ಪಕ್ಕದ ಮನೆಯವರದ್ದಕ್ಕೆ ಕೂರೋಕೆ ಎಷ್ಟು ವರ್ಷ ಬೇಕಾಯ್ತು ನೆನಪು ಮಾಡಿಕೊಳ್ಳಿ.

ಅದರಲ್ಲಿ ಕೆಲವು ಕಂಪನಿಗಳು ಈಗ ಇಲ್ಲ. ಸೆನ್-ರ‍್ಯಾಲಿಯನ್ನು ಸರ್ಕಾರ 1980ರಲ್ಲಿ ವಹಿಸಿಕೊಂಡು ಸೈಕಲ್ ಕಾರ್ಪೊರೇಷನ್ ಮಾಡಿತು, ಅದೂ ಉಳಿಯಲಿಲ್ಲ. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಂತಿದ್ದು 2020ರ ಜೂನ್ 3ರಂದು. ಆವತ್ತು ವಿಶ್ವ ಸೈಕಲ್ ದಿನ! ಇಂಥದ್ದನ್ನ ಕತೆಯಲ್ಲಿ ಬರೆದರೆ ಓದುಗರು ನಂಬೋಲ್ಲ.

ಕತೆ ಅಂದ ಕೂಡಲೇ ನೆನಪಾಯ್ತು, ನಮ್ಮ ಸೀಮೆಯ ರಾಜಕೀಯಕ್ಕೂ ಸೈಕಲ್ಲಿಗೂ ಒಂದು ನಂಟಿದೆ. ಸೊರಬ ತಾಲೂಕು ಕುಬಟೂರಿನ ಬಂಗಾರಪ್ಪನವರು 2005ರ ಶಿವಮೊಗ್ಗ ಲೋಕಸಭಾ ಉಪಚುನಾವಣೆ ಗೆದ್ದಿದ್ದು ಸಮಾಜವಾದಿ ಪಕ್ಷದ ಸೈಕಲ್ ಗುರುತಿನ ಮೇಲೆ. ಮರುವರ್ಷವೇ, ಅಂದರೆ 2006-07ರಲ್ಲಿ, ಶಿಕಾರಿಪುರದ ಯಡಿಯೂರಪ್ಪನವರು ಹಣಕಾಸು ಮಂತ್ರಿಯಾಗಿದ್ದಾಗ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿದರು. 2008ರ ವಿಧಾನಸಭಾ ಚುನಾವಣೆಯಲ್ಲಿ ಶಿಕಾರಿಪುರದಲ್ಲಿ ಇವರಿಬ್ಬರೇ ಎದುರುಬದುರು! ಸೈಕಲ್ ಗುರುತಿನವರು ಒಂದು ಕಡೆ, ಸೈಕಲ್ ಕೊಟ್ಟವರು ಇನ್ನೊಂದು ಕಡೆ. ಗೆದ್ದಿದ್ದು ಕೊಟ್ಟವರು. ಕೋವಿಡ್ ಬಂದ 2020-21ರಲ್ಲಿ ಆ ವಿತರಣೆಯೂ ನಿಂತಿತು. ಅದೇನೇ ಇರಲಿ, ಎರಡು-ಮೂರು ಕಿಲೋಮೀಟರ್ ನಡೆಯಬೇಕಲ್ಲ ಅಂತ ಶಾಲೆ ಬಿಡುತ್ತಿದ್ದ ಹುಡುಗಿಯರು ಸಾಲಾಗಿ ಬೆಲ್ಲು ಹೊಡೆಯುತ್ತ ಹೋಗೋದನ್ನ ನಮ್ಮ ಕಡೆ ರಸ್ತೆಯಲ್ಲಿ ನೋಡಿದವರಿಗೆ ಆ ಯೋಜನೆಯ ಬಗ್ಗೆ ಕೊಂಕು ಮಾತಾಡೋ ಮನಸ್ಸು ಬರೋಲ್ಲ.

ಬ್ರೇಕಿಗೆ ವಾಪಸ್ ಬರೋಣ.

ಗುಡವಿ ಸೊರಬದಿಂದ 15-16 ಕಿಲೋಮೀಟರ್. 1989ರಲ್ಲಿ ಪಕ್ಷಿಧಾಮ ಅಂತ ಘೋಷಣೆಯಾದ ಕೆರೆ. ಮಳೆಗಾಲ ಶುರುವಾಗಿ ಕೆರೆ ತುಂಬಿ, ಮರಗಳು ಸೊಂಟದ ಮಟ್ಟ ನೀರಿನಲ್ಲಿ ನಿಂತ ಮೇಲೆ ಕರಿತಲೆ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಜೂನ್‌ನಿಂದ ನವೆಂಬರ್ ತನಕ ಅಲ್ಲಿ ಗದ್ದಲವೋ ಗದ್ದಲ. ಅಂದರೆ ಗುಡವಿಗೆ ಸೈಕಲ್ಲಿನಲ್ಲಿ ಹೋಗಬೇಕು ಅನ್ನಿಸುವ ಕಾಲವೂ ಮಳೆಯೂ ಒಂದೇ. ರಾಡ್ ಬ್ರೇಕಿನ ಬಂಡವಾಳ ಬಯಲಾಗುವುದೂ ಆಗಲೇ.

ಯಾಕೆಂದರೆ ಆ ರಿಮ್ಮು ಕ್ರೋಮ್ ಹಾಕಿದ ಉಕ್ಕು. ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾದರೆ ರಬ್ಬರು ಅದರ ಮೇಲೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲಿ ಇದನ್ನು ಯಂತ್ರಕ್ಕೆ ಹಾಕಿ ಅಳೆದರು. ಅಲ್ಲಿದ್ದ ಡೇವಿಡ್ ಗಾರ್ಡನ್ ವಿಲ್ಸನ್, ವಿಟ್ ಜೊತೆ ಸೇರಿ ಬರೆದ 'ಬೈಸಿಕ್ಲಿಂಗ್ ಸೈನ್ಸ್' (1974) ಈ ವಿಷಯದಲ್ಲಿ ಇವತ್ತಿಗೂ ಜನ ತೆಗೆದು ನೋಡುವ ಪುಸ್ತಕ. ಸಾರಾಂಶ ಇಷ್ಟು. ಉಕ್ಕಿನ ರಿಮ್ಮು ಒದ್ದೆಯಾದರೆ ಹಿಡಿತ ಒಣಗಿದ್ದಾಗಿನ ಒಂದು ಚೂರು ಪಾಲಿಗೆ ಇಳಿಯುತ್ತದೆ. ಮಳೆಯಲ್ಲಿ ಬ್ರೇಕು ಎತ್ತಿ ಹಿಡಿದರೂ ಮೊದಲೆರಡು ಸುತ್ತು ಏನೂ ಆಗದೇ, ನೀರು ಒರೆಸಿಹೋದ ಮೇಲೆ ಗಪ್ಪನೆ ಹಿಡಿದ ಅನುಭವ ನಿಮಗೂ ಇರಬಹುದು.

ಹಾಗಾದರೆ ನಮ್ಮ ಅಜ್ಜಂದಿರು ಐವತ್ತು ವರ್ಷ ಇದೇ ಬ್ರೇಕಿನಲ್ಲಿ, ಇದೇ ಮಳೆಯಲ್ಲಿ, ಅಡಿಕೆ ಮೂಟೆ ಹೇರಿಕೊಂಡು ಹೋಗಿದ್ದು ಹೇಗೆ? ಅನೇಕ ಸೈಕಲ್ಲುಗಳಲ್ಲಿ ಒಂದು ಬ್ರೇಕು ಇರುತ್ತಲೇ ಇರಲಿಲ್ಲ. ಇದ್ದಿದ್ದಕ್ಕೂ ಹಳೇ ಟೈರಿನ ತುಂಡು ಕತ್ತರಿಸಿ ರಬ್ಬರಿನ ಬದಲು ಸಿಕ್ಕಿಸಿರುತ್ತಿದ್ದರು. ಮಿಕ್ಕಿದ್ದಕ್ಕೆ ಹವಾಯಿ ಚಪ್ಪಲಿಯ ಹಿಮ್ಮಡಿ. ಅವರೇನು ನಮಗಿಂತ ಧೈರ್ಯಸ್ಥರಾಗಿದ್ದರಾ?

ನನ್ನ ಉತ್ತರ: ಅವರಿಗೆ ಮೂರನೇ ಬ್ರೇಕು ಒಂದಿತ್ತು. ಅದು ರಸ್ತೆ.

ಸುಮ್ಮನೆ ಹೇಳ್ತಿಲ್ಲ, ಸ್ವಲ್ಪ ಬಾಯಿಲೆಕ್ಕ ಹಾಕೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ, ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಇಳುಕಲಿನಲ್ಲಿ ಬರ್ತಾ ಇದ್ದೀರಿ. ಒಣ ರಿಮ್ಮಿನ ಬ್ರೇಕು ಸೆಕೆಂಡಿಗೆ 3 ಮೀಟರಿನಷ್ಟು ವೇಗ ಇಳಿಸುತ್ತೆ ಅಂತಿಟ್ಟುಕೊಳ್ಳಿ. ಇಳುಕಲು ಅದರಲ್ಲಿ ಅರ್ಧ ಮೀಟರ್ ತಿಂದುಹಾಕುತ್ತೆ. ಆದರೂ ಆರು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತೀರಿ. ಈಗ ಮಳೆ. ಐದರಲ್ಲಿ ಒಂದು ಪಾಲು ಹಿಡಿತ ಉಳಿಯಿತು ಅನ್ನೋಣ (ಧಾರಾಳವಾಗಿಯೇ ಹೇಳ್ತಿದ್ದೀನಿ). ಬ್ರೇಕು 0.6, ಇಳುಕಲು ತಿನ್ನುವುದು 0.5. ಉಳಿದಿದ್ದು 0.1! ಅಂದರೆ ಬ್ರೇಕು ಪೂರ್ತಿ ಹಿಡಿದರೂ ಸೈಕಲ್ಲು ನಿಲ್ಲಲೋ ಬೇಡವೋ ಅಂತ ಯೋಚಿಸ್ತಾ ಇರುತ್ತೆ.

ಇಲ್ಲಿ ರಸ್ತೆ ಬರುತ್ತದೆ. ಜಲ್ಲಿ-ಜಂಬಿಟ್ಟಿಗೆ ಮಣ್ಣಿನ ರಸ್ತೆ ಚಕ್ರವನ್ನು ತಾನೇ ಹಿಡಿದೆಳೆಯುತ್ತದೆ, ಸುಮಾರು ಕಾಲು ಮೀಟರಿನಷ್ಟು. ಅದನ್ನು ಸೇರಿಸಿದರೆ 45 ಮೀಟರಿನೊಳಗೆ ನಿಲ್ಲಬಹುದು. ನಯವಾದ ಟಾರು ರಸ್ತೆ ಎಳೆಯುವುದು ಅದರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಅಲ್ಲಿ ಅದೇ ಸೈಕಲ್ಲಿಗೆ 90 ಮೀಟರ್ ಬೇಕು. ಅದೂ ಎರಡರಲ್ಲೂ ಒಂದೇ ವೇಗ ಇದ್ದರೆ. ವಾಸ್ತವದಲ್ಲಿ ಕೊರಕಲು ಮಣ್ಣುರಸ್ತೆಯಲ್ಲಿ ಮಳೆಗಾಲದಲ್ಲಿ ಯಾರೂ ಇಪ್ಪತ್ತರ ವೇಗದಲ್ಲಿ ಇಳಿಯುತ್ತಲೇ ಇರಲಿಲ್ಲ. ಇಳುಕಲು ಬಂದರೆ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದರು. ಟಾರಿನ ಮೇಲೆ ತುಳಿಯದೇ ಇದ್ದರೂ ಮೂವತ್ತು ದಾಟುತ್ತೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿದ್ದು 2000ದ ಡಿಸೆಂಬರಿನಲ್ಲಿ. ಆಮೇಲೆ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ'. ಇಪ್ಪತ್ತು-ಇಪ್ಪತ್ತೈದು ವರ್ಷದಲ್ಲಿ ನಮ್ಮ ಕಡೆಯ ಹಳ್ಳಿ ಹಳ್ಳಿಗೂ ಟಾರು, ಕಾಂಕ್ರೀಟು ಬಂತು. ಬರಬೇಕಿತ್ತು, ಬಂತು, ಒಳ್ಳೇದಾಯ್ತು. ಬಾಣಂತಿಯನ್ನ ಕಂಬಳಿಯಲ್ಲಿ ಹೊತ್ತುಕೊಂಡು ಹೋದ ಮನೆಗಳವರು ಮಣ್ಣುರಸ್ತೆಯ ಬಗ್ಗೆ ಹಾಡು ಕಟ್ಟೋದಿಲ್ಲ. ಆದರೆ ಅಷ್ಟು ವರ್ಷ ಮಣ್ಣು ಮಾಡುತ್ತಿದ್ದ ಬ್ರೇಕಿನ ಕೆಲಸವನ್ನು ಈಗ ಆ ಎರಡು ರಬ್ಬರು ತುಂಡುಗಳೇ ಮಾಡಬೇಕು. ಎದುರಿಗೆ ಬರುವುದೂ ಎತ್ತಿನಗಾಡಿ ಅಲ್ಲ, ಶುಂಠಿ ತುಂಬಿದ ಪಿಕಪ್ಪು. ಸೈಕಲ್ಲು ಕೆಟ್ಟಿಲ್ಲ. ಅದು ಯಾವ ರಸ್ತೆಗೆ ಹುಟ್ಟಿತ್ತೋ ಆ ರಸ್ತೆ ಹೋಯ್ತು.

'ಹಳೇ ಸೈಕಲ್ಲು ಅದರ ಮೂಲರೂಪದಲ್ಲೇ ಇರಬೇಕು, ಒಂದು ನಟ್ಟೂ ಬದಲಿಸಬಾರದು' ಅನ್ನುವವರ ಜೊತೆ ಅದಕ್ಕೇ ನನಗೆ ತಕರಾರು. ಗೋಡೆಗೆ ನೇತು ಹಾಕೋದಾದರೆ ಸರಿ. ಓಡಿಸೋದಾದರೆ ಬ್ರೇಕು ಬದಲಿಸಿ.

ಹೇಗೆ? ಇಲ್ಲೇ ಜನ ಎಡವೋದು. ಬೆಂಗಳೂರಿನಿಂದ ಒಂದು ಕ್ಯಾಲಿಪರ್ ಬ್ರೇಕು ತಂದು ಹಳೇ ಫೋರ್ಕಿಗೆ ಸಿಕ್ಕಿಸಿದರೆ ಮುಗೀತು ಅಂದುಕೊಳ್ಳುತ್ತಾರೆ. ವೆಸ್ಟ್‌ವುಡ್ ರಿಮ್ಮಿಗೆ ಪಕ್ಕದಲ್ಲಿ ಚಪ್ಪಟೆ ಮೈಯೇ ಇಲ್ಲ, ಗುಂಡಗಿದೆ. ಕ್ಯಾಲಿಪರಿನ ರಬ್ಬರಿಗೆ ಹಿಡಿಯೋಕೆ ಏನೂ ಸಿಗದೇ ಜಾರುತ್ತೆ. ಇಂಗ್ಲೆಂಡಿನವರಿಗೂ ಈ ಫಜೀತಿ ಆಗಿತ್ತು. ಕ್ಯಾಲಿಪರಿಗೆ ಅಂತ ಚಪ್ಪಟೆ ಪಕ್ಕೆಯ ಎಂಡ್ರಿಕ್ ರಿಮ್ಮು ಇತ್ತು, ಕೊನೆಗೆ ಎರಡೂ ಬ್ರೇಕಿಗೆ ಆಗುವ ಹಾಗೆ 'ವೆಸ್ಟ್ರಿಕ್' ಅನ್ನೋ ಬೆರಕೆ ರಿಮ್ಮನ್ನೂ ಮಾಡಿದರು. ಅಂದರೆ ಬ್ರೇಕು ಮತ್ತು ರಿಮ್ಮು ಗಂಡ-ಹೆಂಡಿರ ಹಾಗೆ. ಒಂದನ್ನ ಬದಲಿಸಿದರೆ ಇನ್ನೊಂದನ್ನ ಕೇಳಬೇಕು. ಕ್ರೋಮು ಉಕ್ಕಿನ ರಿಮ್ಮು ಇಟ್ಟುಕೊಂಡು ಎಂಥಾ ಹೊಸ ಬ್ರೇಕು ಹಾಕಿದರೂ ಮಳೆಯಲ್ಲಿ ಹಣೆಬರಹ ಅದೇ.

ಹಾಗಾಗಿ ಮೊದಲು ಬದಲಾಗಬೇಕಾದ್ದು ಚಕ್ರ. ಅಲ್ಯೂಮಿನಿಯಂ ರಿಮ್ಮು. ಒದ್ದೆಯಾದರೆ ಇದರ ಹಿಡಿತವೂ ಕಡಿಮೆಯಾಗುತ್ತೆ, ಆದರೆ ಉಕ್ಕಿನಷ್ಟು ಅಲ್ಲ. ನಮ್ಮ ಬಾಯಿಲೆಕ್ಕದಲ್ಲಿ ಅರ್ಧ ಹಿಡಿತ ಉಳಿದರೂ ಅದೇ ಟಾರಿನ ಇಳುಕಲಿನಲ್ಲಿ 14-15 ಮೀಟರಿಗೆ ನಿಲ್ಲಬಹುದು. ತೊಂಬತ್ತೆಲ್ಲಿ, ಹದಿನೈದೆಲ್ಲಿ!

ನಮ್ಮ ಹಳೇ 28 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ. ಈಗ ಎಲ್ಲ ಕಡೆ ಸಿಗುವ 700ಸಿ ರಿಮ್ಮಿನದ್ದು 622. ವ್ಯತ್ಯಾಸ 13, ಅಂದರೆ ಬ್ರೇಕಿನ ರಬ್ಬರು ಮೊದಲಿಗಿಂತ ಆರೂವರೆ ಮಿಲಿಮೀಟರ್ ಕೆಳಗೆ ಬಂದು ಮುಟ್ಟಬೇಕು. ಇದೊಂದು ವಿಚಾರದಲ್ಲಿ ಅದೃಷ್ಟ ನಮ್ಮ ಕಡೆ ಇದೆ. ಫ್ರೇಮಿಗೆ ಚಕ್ರ ಸುಲಭವಾಗಿ ಹಿಡಿಸುತ್ತೆ, 38-40ರ ದಪ್ಪ ಟೈರೂ ಕೂರುತ್ತೆ. ಕಷ್ಟ ಇರೋದು ಮೇಲ್ಗಡೆ. ಹಳೇ ಫ್ರೇಮಿನಲ್ಲಿ ಟೈರಿಗೂ ಫೋರ್ಕಿನ ಹಣೆಗೂ ನಡುವೆ ಬೇಕಾದಷ್ಟು ಜಾಗ ಬಿಟ್ಟಿರುತ್ತಾರೆ, ಕೆಸರು ಕಚ್ಚಿಕೊಳ್ಳಬಾರದು ಅಂತ. ಅದರಿಂದ ಬ್ರೇಕಿನ ತೋಳು ಉದ್ದ ಬೇಕು. ಮಾಮೂಲಿ ರೇಸ್ ಸೈಕಲ್ಲಿನ ಕ್ಯಾಲಿಪರ್ ಮುಟ್ಟುವುದೇ ಇಲ್ಲ. 55ರಿಂದ 73 ಮಿ.ಮೀ. ತಲುಪುವ 'ಲಾಂಗ್ ರೀಚ್' ಕ್ಯಾಲಿಪರ್ ಸಿಗುತ್ತೆ. ತರಿಸುವ ಮುಂಚೆ ಬೋಲ್ಟಿನ ತೂತಿನಿಂದ ರಿಮ್ಮಿನ ಪಕ್ಕೆಯ ನಡುವಿಗೆ ಸ್ಕೇಲು ಹಿಡಿದು ಅಳೆಯಿರಿ. ಕಣ್ಣಂದಾಜು ಬೇಡ.

ಬೋಲ್ಟಿನ ತೂತು ಇದ್ದರೆ ಈ ಮಾತು. ರಾಡ್ ಬ್ರೇಕಿನ ಫೋರ್ಕುಗಳಲ್ಲಿ ಎಷ್ಟೋ ಸಲ ಹಣೆಯಲ್ಲಿ ತೂತೇ ಇರುವುದಿಲ್ಲ. ಕೊರೆದುಬಿಡೋಣ ಅಂತ ಡ್ರಿಲ್ಲು ತೆಗೆಯಬೇಡಿ. ಆ ಹಣೆ ಕೆಲವದರಲ್ಲಿ ಟೊಳ್ಳು. ಇಡೀ ಭಾರ ಹೊರುವ ಜಾಗ ಅದು. ಬೇರೆ ಫೋರ್ಕು ಹಾಕೋಣ ಅಂದರೆ ಅಲ್ಲೊಂದು ಮೋಸ. ಇಂಗ್ಲೆಂಡಿನ ಹಳೇ ರ‍್ಯಾಲಿಗಳಲ್ಲಿ ಫೋರ್ಕಿನ ಮರೆಗೆ ಇಂಚಿಗೆ 26 ಸುತ್ತು, ಉಳಿದ ಲೋಕಕ್ಕೆಲ್ಲ 24. ಬಲವಂತ ಮಾಡಿ ತಿರುಗಿಸಿದರೆ ಎರಡೂ ಹಾಳು.

ತೂತಿಲ್ಲದ ಫೋರ್ಕಿಗೆ ನನ್ನ ಆಯ್ಕೆ ಹಬ್ಬಿನೊಳಗಿನ ಡ್ರಮ್ ಬ್ರೇಕು. ಸ್ಕೂಟರಿನ ಬ್ರೇಕಿನ ತಮ್ಮ ಅಂದುಕೊಳ್ಳಿ. ಇದೂ ಹೊಸದೇನಲ್ಲ, ಸ್ಟರ್ಮಿ-ಆರ್ಚರ್ 1930ರ ದಶಕದಲ್ಲೇ ಮಾಡುತ್ತಿತ್ತು. 2000ದಲ್ಲಿ ನಾಟಿಂಗ್‌ಹ್ಯಾಮ್‌ನ ಆ ಕಂಪನಿ ಮುಳುಗಿ, ತೈವಾನಿನ ಸನ್‌ರೇಸ್ ಕೊಂಡುಕೊಂಡಿತು, ಹೆಸರು ಉಳಿಯಿತು. ಮಳೆ ದೇಶವಾದ ಹಾಲೆಂಡಿನವರಂತೂ ಇನ್ನೂ ಚಂದ ಮಾಡಿದರು: ಗೆಜೆಲ್ ಕಂಪನಿಯ ಹಳೇ ಮಾದರಿಯ ಸೈಕಲ್ಲುಗಳಲ್ಲಿ ಹೊರಗಡೆ ನಮ್ಮ ಹಾಗೇ ರಾಡು, ಆ ರಾಡು ಎಳೆಯುವುದು ರಿಮ್ಮಿನ ರಬ್ಬರನ್ನಲ್ಲ, ಡ್ರಮ್ಮನ್ನು. ಅದನ್ನ ಮೊದಲ ಸಲ ಚಿತ್ರದಲ್ಲಿ ನೋಡಿದಾಗ, ಛೇ, ಲೂಧಿಯಾನದವರಿಗೆ ಇದು ಹೊಳೆಯಲಿಲ್ಲವಲ್ಲ ಅನ್ನಿಸಿತ್ತು. ಬೆಲೆ ಏರುತ್ತಿತ್ತು, ಅದೂ ನಿಜ.

ಡ್ರಮ್ಮಿನಲ್ಲಿ ಎರಡು ಎಚ್ಚರ. ಹಳೇ ಬ್ರಿಟಿಷ್ ಪದ್ಧತಿಯಲ್ಲಿ ಮುಂದಿನ ರಿಮ್ಮಿಗೆ 32 ಕಡ್ಡಿ, ಹಿಂದಿನದಕ್ಕೆ 40. ಈಗಿನ ಹಬ್ಬುಗಳು ಹೆಚ್ಚಾಗಿ 36. ಹಳೇ ರಿಮ್ಮು ಉಳಿಸಿಕೊಳ್ಳೋ ಆಸೆ ಇದ್ದರೆ ತೂತು ಎಣಿಸಿ. ಇನ್ನು ಮುಂದಿನ ಫೋರ್ಕಿನ ಅಗಲ ಆಗ ಸುಮಾರು 90 ಮಿ.ಮೀ., ಈಗಿನ ಹಬ್ಬು 100. ಅಚ್ಚಿನ ಕಡ್ಡಿ ಆಗ 8 ಮಿ.ಮೀ., ಈಗ 9. ಉಕ್ಕಿನ ಫೋರ್ಕು, ನಿಧಾನಕ್ಕೆ ಹಿಗ್ಗಿಸಿದರೆ ಹಿಗ್ಗುತ್ತೆ, ಅರ ಹಾಕಿ ಒಂದು ಮಿಲಿಮೀಟರ್ ತೆಗೆಯಬಹುದು. ಡ್ರಮ್ಮಿನಿಂದ ಹೊರಡುವ ತೋಳನ್ನು ಫೋರ್ಕಿನ ಕಾಲಿಗೆ ಪಟ್ಟಿ ಹಾಕಿ ಭದ್ರವಾಗಿ ಬಿಗಿಯಲೇಬೇಕು. ಬ್ರೇಕಿನ ಇಡೀ ಜೋರು ಬೀಳೋದು ಅದರ ಮೇಲೆ.

ಡಿಸ್ಕ್ ಬ್ರೇಕು ಹಾಕಿಸಬಹುದಾ ಅಂತ ಹುಡುಗರು ಕೇಳ್ತಾರೆ. ಬೇಡ ಮಾರಾಯ್ರೇ. ಆ ಫೋರ್ಕಿನ ಕಾಲು ತೆಳ್ಳಗಿನ ಪೈಪು, ಎರಡೂ ಕಾಲಿಗೆ ಸಮನಾಗಿ ಭಾರ ಬೀಳಲಿ ಅಂತ ಮಾಡಿದ್ದು. ಡಿಸ್ಕ್ ಹಾಕಿದರೆ ಒಂದೇ ಕಾಲಿನ ಬುಡಕ್ಕೆ ಎಲ್ಲ ಜೋರು ಬೀಳುತ್ತೆ. ಅದರ ಮೇಲೆ ಗೇಟು ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಹೊಡೆಸಿದರೆ ಬಿಸಿಗೆ ಪೈಪು ಇನ್ನೂ ದುರ್ಬಲ. ವಿ-ಬ್ರೇಕಿಗೂ (1996ರಲ್ಲಿ ಶಿಮಾನೋದವರು ಜನಪ್ರಿಯ ಮಾಡಿದ್ದು) ಫೋರ್ಕಿಗೆ ಗೂಟ ಬೆಸೆಯಬೇಕು, ಅದೇ ತೊಂದರೆ. ಹಿಂದಿನ ಚಕ್ರಕ್ಕೆ ಮಾತ್ರ ಹಿಂದಕ್ಕೆ ತುಳಿಯುವ ಬ್ರೇಕಿನ ಹಬ್ಬು ಒಳ್ಳೇ ಉಪಾಯ: ಕೇಬಲ್ ಇಲ್ಲ, ರಾಡಿಲ್ಲ, ಮಳೆ ಹೊಗೋಲ್ಲ. ಘಟ್ಟದಂಥ ಉದ್ದ ಇಳುಕಲಿನಲ್ಲಿ ಕಾಯುತ್ತೆ, ಸೊರಬದ ದಿಬ್ಬಗಳಿಗೆ ಸಾಕು.

ನಮ್ಮ ಮನೆಯ ಸೈಕಲ್ಲು ಅಸನ್ಸೋಲಿನ ಸೆನ್-ರ‍್ಯಾಲಿ, ಅಜ್ಜ ಕೊಂಡಿದ್ದು. ಅಕ್ಕನ ಮಗನಿಗೆ ಈಗ ಕೆಂಬರಲಿನ ಹುಚ್ಚು, ಮಳೆ ಬಂದರೆ ಗುಡವಿಗೆ ಹೋಗಲೇಬೇಕು. ಅವನಿಗಾಗಿ ನಾವು ಮುಂದಿನ ಚಕ್ರವನ್ನು ಪೂರ್ತಿ ಬದಲಿಸಿದೆವು. ಡ್ರಮ್ ಹಬ್ಬು, 36 ಕಡ್ಡಿ, ಅಲ್ಯೂಮಿನಿಯಂ ರಿಮ್ಮು. ಡ್ರಮ್ಮಿಗೆ ಯಾವ ರಿಮ್ಮಾದರೂ ಆಗುತ್ತಿತ್ತು, ಹಗುರ ಇರಲಿ ಅಂತ ಇದು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸ ಹೆಚ್ಚು ಮಾಡೋದು ಮುಂದಿನ ಚಕ್ರವೇ. ಹಾಗಾಗಿ ಹಿಂದೆ ಅಜ್ಜನ ರಾಡು, ಅಜ್ಜನ ರಿಮ್ಮು, ಅಜ್ಜನ ತಿರುಗಣಿಗಳು ಎಲ್ಲ ಹಾಗೇ ಇವೆ. ಹ್ಯಾಂಡಲ್ಲಿನಲ್ಲಿ ಒಂದು ಕಡೆ ಹಳೇ ಲಿವರು, ಇನ್ನೊಂದು ಕಡೆ ಕೇಬಲ್ಲಿನ ಲಿವರು, ನೋಡೋಕೆ ಸ್ವಲ್ಪ ವಿಚಿತ್ರ. ನಮ್ಮಮ್ಮನಿಗೆ ಇನ್ನೂ ಸಮಾಧಾನ ಆಗಿಲ್ಲ, 'ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿದ ಹಾಗಿದೆ' ಅಂತಾರೆ.

ಫ್ರೇಮಿಗೆ ಒಂದು ತೂತೂ ಕೊರೆದಿಲ್ಲ, ಒಂದು ಹೊಲಿಗೆಯೂ ಹಾಕಿಲ್ಲ. ತೆಗೆದ ಮುಂದಿನ ಬಳೆ, ರಾಡು, ಕ್ರೋಮು ರಿಮ್ಮಿಗೆ ಗ್ರೀಸು ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟಿದ್ದೇವೆ. ರಬ್ಬರು ಮಾತ್ರ ಸೊರಬದ ಸಂತೆ ದಿನ ಎರಡು ಜೊತೆ ಹೆಚ್ಚಿಗೆ ತಂದಿಟ್ಟಿದ್ದೀನಿ, ಹಿಂದಿನ ಚಕ್ರಕ್ಕೆ ಬೇಕಾಗುತ್ತೆ. ನಿಮ್ಮ ಅಟ್ಟದಲ್ಲೂ ಒಂದಿದ್ದರೆ ಇಳಿಸುವ ಮುಂಚೆ ಮೂರು ನೋಡಿ: ಫೋರ್ಕಿನ ಹಣೆಯಲ್ಲಿ ತೂತಿದೆಯಾ, ಮುಂದಿನ ರಿಮ್ಮಿಗೆ ಕಡ್ಡಿ ಎಷ್ಟು, ಅಚ್ಚಿನ ಜಾಗದ ಅಗಲ ಎಷ್ಟು. ಅಷ್ಟು ಬರೆದು ಕಳಿಸಿದರೆ ಯಾವ ದಾರಿ ಹಿಡಿಯಬಹುದು ಅಂತ ಕೂತು ನೋಡೋಣ.